ಹಕ್ಕಿಯ ಹೊಟ್ಟೆಯೊಳಗೊಂದು ಚರಿತ್ರೆ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಣ್ಣ ಊರಿಗೆ ಓದಲು ಹೋದ ಮೊದಲ ವರ್ಷ. ನವೆಂಬರ್ ಚಳಿ. ನಮ್ಮ ವಿಭಾಗದ ಹಿರಿಯರೊಬ್ಬರು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಮನೆಗೆ ಕರೆದರು. ನಾನು ಮಾಂಸ ತಿನ್ನುವುದಿಲ್ಲ ಎಂದು ಸಂಕೋಚದಿಂದಲೇ ಹೇಳಿದಾಗ, “ಚಿಂತೆಯಿಲ್ಲ, ಒಂದು ತಟ್ಟೆ ಡ್ರೆಸ್ಸಿಂಗನ್ನು ನಿನಗೆಂದೇ ಬೇರೆ ಮಾಡಿಸುತ್ತೇನೆ” ಅಂದರು. ನನಗೆ ಗೊತ್ತಿದ್ದ ಡ್ರೆಸ್ಸಿಂಗ್ ಎರಡೇ. ಒಂದು ಗಾಯಕ್ಕೆ ಕಟ್ಟುವುದು, ಇನ್ನೊಂದು ಹಸಿ ಸೊಪ್ಪಿನ ಮೇಲೆ ಸುರಿಯುವುದು. ಹಬ್ಬದ ದಿನ ಎರಡನೆಯದನ್ನಷ್ಟೇ ತಿಂದು ಬರಬೇಕೇನೋ ಎಂದುಕೊಂಡು, ಮಧ್ಯಾಹ್ನ ಕೋಣೆಯಲ್ಲಿ ಚಿತ್ರಾನ್ನ ಕಲಸಿ ತಿಂದೇ ಹೊರಟೆ.

ಮೇಜಿನ ಮೇಲೆ ನೋಡಿದರೆ ಟರ್ಕಿ ಕೋಳಿಯ ಎಡಕ್ಕೊಂದು, ಬಲಕ್ಕೊಂದು ಗಾಜಿನ ತಟ್ಟೆ. ಎಡಗಡೆಯದು ಗೋಧಿ ಬ್ರೆಡ್ಡಿನ ಚೂರುಗಳಿಗೆ ಈರುಳ್ಳಿ, ಸೆಲೆರಿ, ಸೇಜ್ ಎಲೆ ಹಾಕಿ ಸುಟ್ಟದ್ದು. ಬಲಗಡೆಯದು ಮೆಕ್ಕೆಜೋಳದ ರೊಟ್ಟಿಯನ್ನು ಪುಡಿಮಾಡಿ ಸಾರಿನಲ್ಲಿ ನೆನೆಸಿ ಬೇಯಿಸಿದ್ದು. ಹಳದಿ ಬಣ್ಣ, ಚಮಚದಲ್ಲಿ ತೆಗೆದರೆ ಮೆತ್ತಗೆ ಕುಸಿಯುತ್ತಿತ್ತು. ಮೊದಲನೆಯದನ್ನು ಮನೆಯ ಯಜಮಾನರು ಸ್ಟಫಿಂಗ್ ಎಂದರು, ಅವರು ಮ್ಯಾಸಚೂಸೆಟ್ಸ್‌ನವರು. ಎರಡನೆಯದನ್ನು ಅವರ ಹೆಂಡತಿ ಡ್ರೆಸ್ಸಿಂಗ್ ಎಂದರು, ಆಕೆ ಜಾರ್ಜಿಯಾದವರು. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ತಟ್ಟೆ ಒಂದಾಗಿರಲಿಲ್ಲ. ಬಂದವರು ಮೊದಲು ಯಾವುದಕ್ಕೆ ಕೈಹಾಕುತ್ತಾರೆ ಎಂಬುದನ್ನು ಇಬ್ಬರೂ ಓರೆಗಣ್ಣಿನಿಂದ ನೋಡುತ್ತಿದ್ದರು. ಮೇಜಿನ ತುದಿಯಲ್ಲಿ ಕೂತಿದ್ದ ಆಕೆಯ ತಾಯಿ, ಎಂಬತ್ತು ದಾಟಿದ ಅಜ್ಜಿ, ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ: “ಜೋಳದ ರೊಟ್ಟಿಗೆ ಸಕ್ಕರೆ ಹಾಕಿಲ್ಲ ತಾನೇ?”

ಈ ಜಗಳ ನನಗೆ ಹೊಸದೇನಲ್ಲ. ನಮ್ಮ ತಂದೆಯ ಕಡೆಯವರು ಹಾವೇರಿಯವರು, ತಾಯಿಯ ಕಡೆಯವರು ಮಂಡ್ಯದವರು. ಕಡಲೆಬೇಳೆ ಹೂರಣದ ಹೋಳಿಗೆಯೋ ತೊಗರಿಬೇಳೆ ಹೂರಣದ ಒಬ್ಬಟ್ಟೋ ಎಂಬ ಪ್ರಶ್ನೆ ಪ್ರತಿ ಯುಗಾದಿಗೂ ನಮ್ಮ ಅಡುಗೆಮನೆಯಲ್ಲಿ ಎದ್ದು, ಪ್ರತಿ ಯುಗಾದಿಗೂ ತೀರ್ಮಾನವಾಗದೆ ಉಳಿಯುತ್ತಿತ್ತು. ಅಲ್ಲಿಯೂ ಹೆಸರು ಎರಡು, ಒಳಗಿನ ಸರಕು ಎರಡು, ಸರಿ ಎನ್ನುವುದು ಮಾತ್ರ ಒಬ್ಬೊಬ್ಬರಿಗೆ ಒಂದೇ. ಹಾಗಾಗಿ ಆ ಎರಡು ತಟ್ಟೆಗಳು ಎಲ್ಲಿಂದ ಬಂದವು ಎಂದು ಹುಡುಕುವ ಚಟ ಅವತ್ತೇ ಹತ್ತಿತು.

ಹಕ್ಕಿಯ, ಮೃಗದ ಹೊಟ್ಟೆಯೊಳಗೆ ಏನಾದರೂ ತುಂಬಿ ಬೇಯಿಸುವುದು ಹಳೆಯ ಕಸುಬು. ರೋಮನ್ನರ ಅಡುಗೆಯ ಪುಸ್ತಕ ಎಂದು ಹೆಸರಾದ ‘ಅಪೀಸಿಯಸ್’ನಲ್ಲಿ ಡಾರ್‌ಮೌಸ್ ಎಂಬ ಇಲಿಜಾತಿಯ ಪ್ರಾಣಿಗೆ ಹಂದಿಯ ಕೊಚ್ಚಿದ ಮಾಂಸ, ಮೆಣಸು, ಬೀಜಗಳನ್ನು ತುಂಬಿ ಹೊಲಿದು ಸುಡುವ ವಿಧಾನವಿದೆ. ತುಂಬು ಎನ್ನುವುದಕ್ಕೆ ಲ್ಯಾಟಿನ್ನಿನಲ್ಲಿ ‘ಫಾರ್ಸಿರೆ’. ಅದು ಫ್ರೆಂಚಿನಲ್ಲಿ ‘ಫಾರ್ಸ್’ ಆಗಿ ಅಡುಗೆಯ ಹೂರಣಕ್ಕೆ ಹೆಸರಾಯಿತು. ಮಧ್ಯಯುಗದ ಚರ್ಚುಗಳಲ್ಲಿ ಲ್ಯಾಟಿನ್ ಪ್ರಾರ್ಥನೆಯ ಸಾಲುಗಳ ನಡುವೆ ಸೇರಿಸಿದ ಹೆಚ್ಚುವರಿ ಮಾತುಗಳನ್ನೂ, ಆಮೇಲೆ ಧಾರ್ಮಿಕ ನಾಟಕಗಳ ನಡುನಡುವೆ ತುರುಕಿದ ನಗೆಯಾಟಗಳನ್ನೂ ಅದೇ ಹೆಸರಿನಿಂದ ಕರೆದರು. ನಾವು ಪ್ರಹಸನ ಎನ್ನುವ ‘ಫಾರ್ಸ್’ ಹುಟ್ಟಿದ್ದು ಹೀಗೆ. ಕೈಲಾಸಂ ಪ್ರಹಸನಗಳನ್ನು ಓದಿ ನಕ್ಕವರು ಅಡುಗೆಮನೆಯ ಪದವೊಂದರ ಋಣದಲ್ಲಿದ್ದಾರೆ. ಕನ್ನಡದಲ್ಲಿ ಪುಸ್ತಕದ ಹೂರಣ, ಭಾಷಣದ ಹೂರಣ ಎನ್ನುತ್ತೇವಲ್ಲ, ಅದೂ ಇದೇ ದಾರಿ ಹಿಡಿದು ಒಲೆಯಿಂದ ಮಾತಿಗೆ ಬಂದದ್ದು.

ಇನ್ನು ಡ್ರೆಸ್ಸಿಂಗ್. ವಿಕ್ಟೋರಿಯಾ ರಾಣಿಯ ಕಾಲದ ಮಡಿವಂತರಿಗೆ ‘ತುರುಕುವುದು’ ಎಂಬ ಮಾತು ಅಸಭ್ಯವಾಗಿ ಕೇಳಿ, ‘ಸಿಂಗರಿಸುವುದು’ ಎಂಬ ಮರ್ಯಾದೆಯ ಮಾತು ಹುಟ್ಟಿತು ಎಂಬ ಕತೆಯನ್ನು ಪ್ರತಿ ನವೆಂಬರಿನಲ್ಲೂ ಯಾರಾದರೂ ಹೇಳುತ್ತಾರೆ. ನಾನಿದನ್ನು ಪೂರ್ತಿ ನಂಬಲಾರೆ. ಅದೇ ಕಾಲದ ಇಂಗ್ಲೆಂಡಿನ ಮಡಿವಂತ ಗೃಹಿಣಿಯರ ಕೈಪಿಡಿಯಾಗಿದ್ದ ಮಿಸೆಸ್ ಬೀಟನ್ ಅವರ 1861ರ ಪುಸ್ತಕದಲ್ಲೇ ಸೇಜ್ ಮತ್ತು ಈರುಳ್ಳಿಯ ಸ್ಟಫಿಂಗ್ ಅದೇ ಹೆಸರಿನಲ್ಲಿ ಇದೆ. ಕೋಳಿಯನ್ನು ‘ಡ್ರೆಸ್’ ಮಾಡುವುದೆಂದರೆ ಪುಕ್ಕ ತೆಗೆದು, ಕರುಳು ತೆಗೆದು, ಒಲೆಗೆ ಅಣಿಮಾಡುವುದು ಎಂಬ ಅರ್ಥ ಇಂಗ್ಲಿಷಿನಲ್ಲಿ ಹಳೆಯದು. ಅಣಿಮಾಡುವಾಗ ಹಾಕುವ ಸಾಮಾನಿಗೂ ಅದೇ ಹೆಸರು ಅಂಟಿಕೊಂಡಿರಬೇಕು. ಒಳಗೆ ಇಟ್ಟರೆ ಸ್ಟಫಿಂಗ್, ಹೊರಗೆ ತಟ್ಟೆಯಲ್ಲಿ ಬೇಯಿಸಿದರೆ ಡ್ರೆಸ್ಸಿಂಗ್ ಎಂದು ವ್ಯಾಕರಣ ಹೇಳುವವರಿದ್ದಾರೆ. ಮನೆಗಳಲ್ಲಿ ಯಾರೂ ಅದನ್ನು ಪಾಲಿಸುವುದಿಲ್ಲ. ಉತ್ತರದವರು ಎಲ್ಲಿಟ್ಟರೂ ಸ್ಟಫಿಂಗ್ ಎನ್ನುತ್ತಾರೆ, ದಕ್ಷಿಣದವರು ಎಲ್ಲಿಟ್ಟರೂ ಡ್ರೆಸ್ಸಿಂಗ್ ಎನ್ನುತ್ತಾರೆ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ಮನೆಗಳಲ್ಲಿ ಆಲೂಗಡ್ಡೆ ಬೆರೆಸಿ ಮಾಡಿ ‘ಫಿಲಿಂಗ್’ ಎಂದು ಮೂರನೆಯ ಹೆಸರಿಡುತ್ತಾರೆ.

ಶಾಲೆಯ ಮಕ್ಕಳು ಬಿಡಿಸುವ ಚಿತ್ರಗಳಲ್ಲಿ 1621ರ ಮೊದಲ ಥ್ಯಾಂಕ್ಸ್‌ಗಿವಿಂಗ್ ಊಟದ ನಡುವೆ ದೊಡ್ಡದೊಂದು ಟರ್ಕಿ ಕೋಳಿ ಇರುತ್ತದೆ. ಆ ಊಟದಲ್ಲಿದ್ದ ಎಡ್ವರ್ಡ್ ವಿನ್ಸ್ಲೋ ಅದೇ ವರ್ಷದ ಡಿಸೆಂಬರಿನಲ್ಲಿ ಬರೆದ ಕಾಗದವೇ ಅದಕ್ಕೆ ಮುಖ್ಯ ಸಾಕ್ಷಿ. ನಾಲ್ಕು ಜನ ಹಕ್ಕಿಬೇಟೆಗೆ ಹೋಗಿ ವಾರಕ್ಕಾಗುವಷ್ಟು ತಂದರು, ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್ ತೊಂಬತ್ತು ಮಂದಿಯೊಂದಿಗೆ ಬಂದ, ಅವರು ಐದು ಜಿಂಕೆ ಹೊಡೆದು ತಂದರು, ಮೂರು ದಿನ ಊಟ ನಡೆಯಿತು. ಅಷ್ಟೇ. ಟರ್ಕಿ ಎಂಬ ಹೆಸರಿಲ್ಲ, ಒಳಗೆ ತುಂಬಿದ ಮಾತಿಲ್ಲ. ಪ್ಲಿಮತ್‌ನಲ್ಲಿ ಆಗ ಹುಲುಸಾಗಿ ಬೆಳೆದದ್ದು ಸ್ಥಳೀಯರು ಕಲಿಸಿಕೊಟ್ಟ ಮೆಕ್ಕೆಜೋಳ; ಬ್ರೆಡ್ಡಿಗೆ ಬೇಕಾದ ಗೋಧಿ ಅಪರೂಪ. ಆ ವಾಂಪನೋಗರ ವಂಶದವರೂ ಇತರ ಮೂಲನಿವಾಸಿಗಳೂ 1970ರಿಂದ ಅದೇ ಪ್ಲಿಮತ್‌ನಲ್ಲಿ, ಅದೇ ಗುರುವಾರ, ಶೋಕದಿನ ಆಚರಿಸುತ್ತಾರೆ. ಹಬ್ಬದ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಮುಂದೆ ಹೋಗಲಾಗದು.

ಅಮೆರಿಕದ ಅಡುಗೆಮನೆಯ ಹೂರಣ ಮೊದಲು ಅಚ್ಚಾಗಿ ಕಾಣುವುದು 1796ರಲ್ಲಿ. ಹಾರ್ಟ್‌ಫರ್ಡಿನಲ್ಲಿ ಅಮೀಲಿಯಾ ಸಿಮನ್ಸ್ ಎಂಬಾಕೆ ‘ಅಮೆರಿಕನ್ ಕುಕರಿ’ ಎಂಬ ಪುಟ್ಟ ಪುಸ್ತಕ ತಂದಳು. ಅಲ್ಲಿಯವರೆಗೆ ಆ ನಾಡಿನಲ್ಲಿ ಮಾರಾಟವಾಗುತ್ತಿದ್ದವು ಇಂಗ್ಲೆಂಡಿನ ಅಡುಗೆಪುಸ್ತಕಗಳು ಅಥವಾ ಅವುಗಳ ಮರುಮುದ್ರಣ. ಅಮೆರಿಕದವರೇ ಬರೆದ ಮೊದಲ ಅಡುಗೆಪುಸ್ತಕ ಇದು. ಮುಖಪುಟದಲ್ಲಿ ತನ್ನ ಹೆಸರಿನ ಕೆಳಗೆ ಆಕೆ ಹಾಕಿಕೊಂಡ ಪರಿಚಯ ಇಷ್ಟೇ: ಅಮೆರಿಕದ ಒಬ್ಬ ಅನಾಥೆ. ಟರ್ಕಿಗೆ ತುಂಬುವ ಕ್ರಮ ಹೀಗೆ: ಒಂದು ಪೌಂಡ್ ಮೆತ್ತನೆ ಗೋಧಿ ಬ್ರೆಡ್, ಮೂರು ಔನ್ಸ್ ದನದ ಕೊಬ್ಬು, ಮೂರು ಮೊಟ್ಟೆ, ಸ್ವಲ್ಪ ಥೈಮ್, ಮಾರ್ಜೊರಮ್, ಮೆಣಸು, ಉಪ್ಪು, ಬೇಕಾದವರು ಸ್ವಲ್ಪ ವೈನ್ ಸೇರಿಸಬಹುದು. ಬ್ರೆಡ್ ಬೇಡವೆನ್ನುವವರಿಗೆ ಬೇಯಿಸಿ ಹಿಸುಕಿದ ಆಲೂಗಡ್ಡೆಯದೂ ಇದೆ. ನೋಡಿ, ಮೊದಲ ಪುಸ್ತಕದಲ್ಲೇ ಎರಡು ಪಂಗಡ.

ಆ ಟರ್ಕಿಯ ಜೊತೆ ಬಡಿಸಲು ಆಕೆ ಹೇಳುವ ವಸ್ತುಗಳಲ್ಲಿ ಕ್ರ್ಯಾನ್‌ಬೆರಿ ಗೊಜ್ಜಿನೊಂದಿಗೆ ‘ಮ್ಯಾಂಗೊ’ ಕೂಡ ಇದೆ. 1796ರ ಕನೆಕ್ಟಿಕಟ್‌ನಲ್ಲಿ ಮಾವು ಎಲ್ಲಿಂದ ಬರಬೇಕು? ಹಡಗಿನಲ್ಲಿ ನಮ್ಮ ಕಡೆಯಿಂದ ಹೋದ ಮಾವಿನ ಉಪ್ಪಿನಕಾಯಿಯ ರುಚಿ ಹತ್ತಿದ ಇಂಗ್ಲಿಷರು, ಮಾವು ಸಿಗದಲ್ಲಿ ಎಳೆಯ ಕರಬೂಜದ ಹೊಟ್ಟೆ ಬಗೆದು, ಸಾಸಿವೆ, ಬೆಳ್ಳುಳ್ಳಿ ತುಂಬಿ, ವಿನಿಗರಿನಲ್ಲಿ ಹಾಕಿಟ್ಟು ಅದನ್ನೇ ಮ್ಯಾಂಗೊ ಎನ್ನುತ್ತಿದ್ದರು. ಅನುಕರಣೆಗೂ ಅಸಲಿನ ಹೆಸರು. ಸಿಮನ್ಸ್ ಪುಸ್ತಕದಲ್ಲಿ ಅದನ್ನು ಮಾಡುವ ಕ್ರಮವೂ ಇದೆ. ತುಂಬಿದ ಹಕ್ಕಿಯ ಪಕ್ಕದಲ್ಲಿ ತುಂಬಿದ ಕಾಯಿ! ಇದನ್ನು ಓದಿದ ದಿನ ನಾನು ಊರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿದೆ. “ಕರಬೂಜದಾಗ ಉಪ್ಪಿನಕಾಯಿ? ನೀ ಅಲ್ಲಿ ಓದಾಕ ಹೋಗೀಯೋ ಏನ್ ಇದನ್ನೆಲ್ಲಾ ನೋಡಾಕ ಹೋಗೀಯೋ?” ಅಂದಳು.

ಆಮೇಲಿನ ನೂರು ವರ್ಷ ಹೂರಣಕ್ಕೆ ಏನು ಸೇರುತ್ತಿತ್ತು ಎಂಬುದು ಆ ನೆಲ, ನೀರು ಏನು ಕೊಡುತ್ತಿದ್ದವೋ ಅದರ ಪಟ್ಟಿ. ಆಯ್ಸ್ಟರ್ ಎಂಬ ಸಿಂಪಿಯನ್ನು ತೆಗೆದುಕೊಳ್ಳಿ. ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನಲ್ಲಿ ಅದು ಬೀದಿ ಬದಿಯ ಅಗ್ಗದ ತಿಂಡಿ, ಕೂಲಿಯವರ ಊಟ. ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ಒಳನಾಡಿಗೂ ಕಳಿಸುತ್ತಿದ್ದರು. ಮಾಂಸ ಹೆಚ್ಚಿಗೆ ಕೊಳ್ಳಲಾಗದ ಮನೆಯವರು ಬ್ರೆಡ್ಡಿಗೆ ಆಯ್ಸ್ಟರ್ ಬೆರೆಸಿ ಹಕ್ಕಿಯೊಳಗೆ ತುಂಬಿದರು. ಊರಿನ ಚರಂಡಿ ನೀರು ಹರಿದು, ಲೆಕ್ಕವಿಲ್ಲದೆ ಬಾಚಿ, 1927ರ ಹೊತ್ತಿಗೆ ನ್ಯೂಯಾರ್ಕ್ ಬಂದರಿನ ಕೊನೆಯ ಆಯ್ಸ್ಟರ್ ಪಾತಿಯೂ ಮುಚ್ಚಿತು. ಇವತ್ತು ಆಯ್ಸ್ಟರ್ ಸ್ಟಫಿಂಗ್ ಎಂದರೆ ಸಿರಿವಂತರ ಮೇಜಿನ ಮಾತು.

ಚೆಸ್ಟ್‌ನಟ್ ಕತೆ ಇನ್ನೂ ದೊಡ್ಡದು. ಅಪಲೇಚಿಯನ್ ಬೆಟ್ಟಸಾಲಿನ ಕಾಡುಗಳಲ್ಲಿ ಅಮೆರಿಕನ್ ಚೆಸ್ಟ್‌ನಟ್ ಮರ ಎಷ್ಟಿತ್ತೆಂದರೆ ಶರತ್ಕಾಲದಲ್ಲಿ ನೆಲ ಕಾಣದಂತೆ ಕಾಯಿ ಉದುರುತ್ತಿತ್ತು. ಬೆಟ್ಟದ ಬಡವರು ಆಯ್ದು, ಚೀಲಕ್ಕೆ ತುಂಬಿ, ಅಂಗಡಿಯಲ್ಲಿ ಕೊಟ್ಟು ಮಕ್ಕಳಿಗೆ ಚಪ್ಪಲಿ, ಉಪ್ಪು, ಎಣ್ಣೆ ತರುತ್ತಿದ್ದರು. ಆ ಚೀಲಗಳು ರೈಲು ಹತ್ತಿ ಹಬ್ಬದ ಹೊತ್ತಿಗೆ ಫಿಲಡೆಲ್ಫಿಯಾ, ನ್ಯೂಯಾರ್ಕ್ ಮುಟ್ಟುತ್ತಿದ್ದವು. ಪಟ್ಟಣದ ಗೃಹಿಣಿಯರು ಬೇಯಿಸಿ, ಸಿಪ್ಪೆ ತೆಗೆದು, ಹಿಸುಕಿ ಬ್ರೆಡ್ಡಿಗೆ ಸೇರಿಸುತ್ತಿದ್ದರು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳಿಗೆ ಒಂದು ಶಿಲೀಂಧ್ರ ಹತ್ತಿರುವುದು ಕಂಡಿತು. ಏಷ್ಯಾದಿಂದ ತಂದ ಚೆಸ್ಟ್‌ನಟ್ ಸಸಿಗಳ ಜೊತೆ ಬಂದ ರೋಗ ಅದು. ಐವತ್ತು ವರ್ಷದೊಳಗೆ ಸುಮಾರು 300ರಿಂದ 400 ಕೋಟಿ ಮರಗಳು ಸತ್ತವು. ಬೇರಿನಿಂದ ಈಗಲೂ ಚಿಗುರುತ್ತವೆ; ಕಾಯಿ ಬಿಡುವ ವಯಸ್ಸಿಗೆ ಬರುವ ಮುಂಚೆಯೇ ರೋಗ ತಗುಲಿ ಒಣಗುತ್ತವೆ. ಅಡುಗೆಪುಸ್ತಕದಲ್ಲಿ ಮಾತ್ರ ಚೆಸ್ಟ್‌ನಟ್ ಸ್ಟಫಿಂಗ್ ಹಾಗೇ ಉಳಿದಿದೆ. ಇಂದು ‘ನಮ್ಮ ಮುತ್ತಜ್ಜಿಯ ಕ್ರಮ’ ಎಂದು ಅದನ್ನು ಮಾಡುವವರು ಹಾಕುವ ಕಾಯಿ ಹೆಚ್ಚಾಗಿ ಇಟಲಿಯಂಥ ಕಡೆಯಿಂದ ಬಂದದ್ದು.

ಹಬ್ಬ ಇಡೀ ದೇಶಕ್ಕೆ ಒಂದೇ ದಿನ ಆದದ್ದು ಸಾರಾ ಜೋಸೆಫಾ ಹೇಲ್ ಎಂಬ ಸಂಪಾದಕಿಯ ಹಟದಿಂದ. ನ್ಯೂ ಹ್ಯಾಂಪ್‌ಶೈರ್‌ನ ಈಕೆ 1827ರ ತನ್ನ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ಒಂದು ಥ್ಯಾಂಕ್ಸ್‌ಗಿವಿಂಗ್ ಊಟವನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದಳು; ಮೇಜಿನ ಅಗ್ರಸ್ಥಾನದಲ್ಲಿ ಟರ್ಕಿ, ಅದರೊಳಗಿನ ಹೂರಣದ ಘಮ. ಆಮೇಲೆ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆಯ ಸಂಪಾದಕಿಯಾಗಿ ವರ್ಷಗಟ್ಟಲೆ ಲೇಖನ ಬರೆದಳು, ರಾಜ್ಯಪಾಲರಿಗೆ, ಅಧ್ಯಕ್ಷರಿಗೆ ಕಾಗದ ಹಾಕಿದಳು. 1863ರ ಸೆಪ್ಟೆಂಬರಿನಲ್ಲಿ ಲಿಂಕನ್‌ಗೆ ಬರೆದ ಕಾಗದದ ನಂತರ ಅಕ್ಟೋಬರ್ 3ರಂದು ಘೋಷಣೆ ಹೊರಬಿತ್ತು. ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ದಕ್ಷಿಣದ ಹಲವರಿಗೆ ಇದು ಗುಲಾಮಗಿರಿಯ ವಿರುದ್ಧ ಉಪದೇಶ ಮಾಡುವ ಉತ್ತರದ ಪಾದ್ರಿಗಳ ಹಬ್ಬ. ಯುದ್ಧ ಮುಗಿದ ಎಷ್ಟೋ ವರ್ಷದವರೆಗೂ ಅವರು ಅರೆಮನಸ್ಸಿನಲ್ಲೇ ಇದ್ದರು. ಕೊನೆಗೆ ಹಬ್ಬವನ್ನು ಒಪ್ಪಿಕೊಂಡಾಗಲೂ ಒಳಗಿನ ಹೂರಣವನ್ನು ಮಾತ್ರ ಉತ್ತರದಿಂದ ತೆಗೆದುಕೊಳ್ಳಲಿಲ್ಲ.

ಆ ಜೋಳದ ರೊಟ್ಟಿಯ ಹೂರಣ ಯಾರದು? ಮೆಕ್ಕೆಜೋಳ ಮೂಲನಿವಾಸಿಗಳದು. ತೋಟಗಳಲ್ಲಿ ಗುಲಾಮರಿಗೆ ಅಳೆದು ಕೊಡುತ್ತಿದ್ದ ಪಡಿ ಸಾಮಾನ್ಯವಾಗಿ ವಾರಕ್ಕೊಂದು ಪೆಕ್, ಅಂದರೆ ಸುಮಾರು 9 ಲೀಟರ್ ಅಳತೆಯಷ್ಟು ಜೋಳದ ಹಿಟ್ಟು, ಜೊತೆಗೆ ಒಂದಿಷ್ಟು ಉಪ್ಪುಹಾಕಿದ ಹಂದಿಮಾಂಸ. ಉಳಿದ ಜೋಳದ ರೊಟ್ಟಿಯನ್ನು ಮುರಿದು, ಕೊಬ್ಬಿನಲ್ಲಿ ಈರುಳ್ಳಿಯೊಂದಿಗೆ ಹುರಿದು ತಿನ್ನುವುದಕ್ಕೆ ‘ಕುಶ್’ ಎನ್ನುತ್ತಿದ್ದರು. ಈ ಕುಶ್‌ನ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ, ದಕ್ಷಿಣದ ಡ್ರೆಸ್ಸಿಂಗ್ ಇದರಿಂದಲೇ ಬೆಳೆದದ್ದು ಎಂದು ಮೈಕಲ್ ಟ್ವಿಟಿಯಂಥ ಅಡುಗೆ ಇತಿಹಾಸಕಾರರು ವಾದಿಸುತ್ತಾರೆ. ನನಗೆ ಒಪ್ಪಿಗೆಯಾಗುವ ವಾದ. ದೊಡ್ಡ ಮನೆಯ ಅಡುಗೆಕಟ್ಟೆಯಲ್ಲಿ ನಿಂತದ್ದೂ ಅವರೇ ಅಲ್ಲವೇ? ಜೆಫರ್ಸನ್ ಜೊತೆ ಪ್ಯಾರಿಸ್ಸಿಗೆ ಹೋಗಿ ಫ್ರೆಂಚ್ ಅಡುಗೆ ಕಲಿತ ಜೇಮ್ಸ್ ಹೆಮಿಂಗ್ಸ್‌ಗೆ ಬಿಡುಗಡೆ ಸಿಕ್ಕಿದ್ದು 1796ರಲ್ಲಿ, ತನ್ನ ವಿದ್ಯೆಯನ್ನೆಲ್ಲ ತಮ್ಮನಿಗೆ ಕಲಿಸಿಕೊಟ್ಟ ಮೇಲೆ. ವಾಷಿಂಗ್ಟನ್ನನ ಅಡುಗೆಯ ಹರ್ಕ್ಯುಲಿಸ್ 1797ರ ಫೆಬ್ರುವರಿ 22ರಂದು, ಯಜಮಾನನ ಹುಟ್ಟಿದ ಹಬ್ಬದ ದಿನವೇ, ತಪ್ಪಿಸಿಕೊಂಡು ಹೋದ. ಹೆಸರು ಉಳಿದವರು ಇಂಥ ಕೆಲವರು. ದಕ್ಷಿಣ ಕೆರೊಲಿನಾದಲ್ಲಿ ಗುಲಾಮಳಾಗಿ ಹುಟ್ಟಿದ ಆಬಿ ಫಿಶರ್ 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದಕ್ಷಿಣದ ಅಡುಗೆಯ ಪುಸ್ತಕ ತಂದಳು. ಓದುಬರಹ ಬಾರದ ಆಕೆ ಬಾಯಲ್ಲಿ ಹೇಳಿದ್ದನ್ನು ಬೇರೆಯವರು ಬರೆದುಕೊಂಡರು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್, ಲಾಸ್ ಏಂಜಲೀಸ್ ಸೇರಿದಾಗ ಡ್ರೆಸ್ಸಿಂಗ್ ಅವರೊಡನೆ ಹೊರಟಿತು. ಸಕ್ಕರೆ ಹಾಕಿದರೆ ಅದು ಕೇಕ್, ರೊಟ್ಟಿಯಲ್ಲ ಎಂಬ ನಿಷ್ಠುರವೂ ಎಷ್ಟೋ ಮನೆಯವರ ಜೊತೆಗೇ ಹೋಯಿತು.

ಇಪ್ಪತ್ತನೇ ಶತಮಾನ ಇದನ್ನು ಡಬ್ಬಿಗೆ ತುಂಬಿತು. ಜನರಲ್ ಫುಡ್ಸ್ ಕಂಪನಿಯಲ್ಲಿದ್ದ ಗೃಹವಿಜ್ಞಾನಿ ರೂತ್ ಸೀಮ್ಸ್ ಮತ್ತು ಜೊತೆಗಾರರು ಬ್ರೆಡ್ಡಿನ ಚೂರಿನ ಅಳತೆಯನ್ನು ಹಿಡಿದು ಕೂತರು. ಚೂರು ತೀರ ಸಣ್ಣದಾದರೆ ಬಿಸಿನೀರಿನಲ್ಲಿ ಅಂಬಲಿಯಾಗುತ್ತದೆ, ದೊಡ್ಡದಾದರೆ ಒಳಗೆ ಒಣಗಿಯೇ ಉಳಿಯುತ್ತದೆ. ಆ ಹದ ಸಿಕ್ಕಿ, 1972ರಲ್ಲಿ ‘ಸ್ಟೋವ್ ಟಾಪ್’ ಮಾರುಕಟ್ಟೆಗೆ ಬಂತು, 1975ರಲ್ಲಿ ಪೇಟೆಂಟ್. ಐದು ನಿಮಿಷದ ಕೆಲಸ, ಹಕ್ಕಿಯೇ ಬೇಡ. ಇದನ್ನು ಹೀಗಳೆಯುವುದು ಸುಲಭ. ಎರಡು ಪಾಳಿ ದುಡಿದು ಬಂದ ತಾಯಿಯ ಕೈಯಲ್ಲಿ ಆ ಡಬ್ಬಿಯನ್ನು ಕಂಡ ಮೇಲೆ ನಾನಂತೂ ಹೀಗಳೆಯುವುದನ್ನು ಬಿಟ್ಟೆ. ಆ ಮನೆಯ ಮಕ್ಕಳಿಗೆ ಅದೇ ಅಮ್ಮನ ಕೈರುಚಿ, ಬೇರೆ ಯಾವುದನ್ನು ಇಟ್ಟರೂ ಮುಟ್ಟುತ್ತಿರಲಿಲ್ಲ.

ಹಕ್ಕಿಯೊಳಗೋ ಹೊರಗೋ ಎಂಬ ಜಗಳಕ್ಕೆ ಮಾತ್ರ ವಿಜ್ಞಾನ ಒಂದು ಉತ್ತರ ಕೊಟ್ಟಿದೆ. ಒಳಗಿಟ್ಟ ಬ್ರೆಡ್ ಹಸಿ ಮಾಂಸದ ರಸವನ್ನೆಲ್ಲ ಹೀರುತ್ತದೆ. ರುಚಿ ಬರುವುದೂ ಅದರಿಂದ, ಅಪಾಯವೂ ಅದರಿಂದ. ಸಾಲ್ಮೊನೆಲ್ಲಾ ಸಾಯಬೇಕಾದರೆ ಹೂರಣದ ನಡುಮಧ್ಯ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಷ್ಟು ಹೊತ್ತಿಗೆ ಎದೆಯ ಮಾಂಸ ನಾರಾಗಿರುತ್ತದೆ. ಹಾಗಾಗಿ ಬೇರೆ ತಟ್ಟೆಯಲ್ಲೇ ಬೇಯಿಸಿ ಎಂದು ಅಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ನನ್ನಂಥ ಸಸ್ಯಾಹಾರಿಗಳಿಗೆ ಆ ಮೇಜಿನಲ್ಲಿ ಜಾಗ ಸಿಕ್ಕಿದ್ದು ಈ ಬೇರೆ ತಟ್ಟೆಯಿಂದಲೇ. ಅದೇ ಊರಿನಲ್ಲಿದ್ದ ಧಾರವಾಡದ ಅಕ್ಕನೊಬ್ಬಳು ಮಕ್ಕಳ ಹಟಕ್ಕೆ ಪ್ರತಿವರ್ಷ ಡ್ರೆಸ್ಸಿಂಗ್ ಮಾಡುತ್ತಿದ್ದಳು; ತರಕಾರಿ ಬೇಯಿಸಿದ ನೀರು, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ. “ಏನಿಲ್ಲ ತಮ್ಮಾ, ಬ್ರೆಡ್ಡಿನ ಉಪ್ಪಿಟ್ಟಿಗೆ ಇವರು ಇಷ್ಟ ದೊಡ್ಡ ಹೆಸರ ಇಟ್ಟಾರ” ಎನ್ನುತ್ತಿದ್ದಳು. ಮಕ್ಕಳು ಮಾತ್ರ ಸೇಜ್ ಇಲ್ಲದಿದ್ದರೆ ಒಪ್ಪುತ್ತಿರಲಿಲ್ಲ.

ಮತ್ತೆ ಆ ಮೊದಲ ವರ್ಷದ ಮೇಜಿಗೆ ಬರುತ್ತೇನೆ. ಊಟ ಮುಗಿದ ಮೇಲೆ ಪಾತ್ರೆ ತೊಳೆಯಲು ನಿಂತಿದ್ದೆ. ಜಾರ್ಜಿಯಾದ ಅಜ್ಜಿ ಪಕ್ಕದ ಕುರ್ಚಿಯಲ್ಲಿ ಕೂತು ಬಟ್ಟೆಯಲ್ಲಿ ಒರೆಸುತ್ತಿದ್ದರು. ಎರಡು ಸಲ ಬಡಿಸಿಕೊಂಡದ್ದನ್ನು ನೋಡಿದ್ದರಿಂದ ನನ್ನ ಮೇಲೆ ಪ್ರೀತಿ ಬಂದಿತ್ತು. ಮಗಳನ್ನು ಕರೆದು ತಗಡಿನ ಪೆಟ್ಟಿಗೆ ತರಿಸಿ, ಅದರಿಂದ ಎಣ್ಣೆ ಹತ್ತಿದ ಒಂದು ರಟ್ಟಿನ ಚೀಟಿ ತೆಗೆದರು. ಮೇಲೆ ‘ಅಮ್ಮನ ಡ್ರೆಸ್ಸಿಂಗ್’ ಎಂದು ಬರೆದಿತ್ತು. ಅಳತೆಗಳಿರಲಿಲ್ಲ. ರೊಟ್ಟಿ ಬೇಕಾದಷ್ಟು, ಸಾರು ಹದ ಬರುವವರೆಗೆ ಎಂದಷ್ಟೇ. “ನಿಮ್ಮ ತಾಯಿ ಚೆನ್ನಾಗಿ ಮಾಡುತ್ತಿದ್ದರೇ?” ಎಂದು ಕೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದರು. “ಅಮ್ಮ ಅಡುಗೆಮನೆಗೆ ಬರುತ್ತಿರಲಿಲ್ಲ” ಅಂದರು. ಮಾಡುತ್ತಿದ್ದದ್ದು ಅವರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸಕ್ಕಿದ್ದ ಒಬ್ಬ ಕಪ್ಪು ಹೆಂಗಸು. ಹಬ್ಬದ ದಿನ ಇವರ ಊಟವೆಲ್ಲ ಮುಗಿದ ಮೇಲೆ ಒಂದು ಪಾತ್ರೆಯಲ್ಲಿ ಉಳಿದದ್ದನ್ನು ಮುಚ್ಚಿಕೊಂಡು ತನ್ನ ಮಕ್ಕಳಿಗೆ ಒಯ್ಯುತ್ತಿದ್ದಳಂತೆ. ಹದ ನೋಡುವುದನ್ನು ಇವರಿಗೆ ಕಲಿಸಿದ್ದೂ ಅವಳೇ, ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು. ನಾನು ಹೆಸರು ಕೇಳಿದೆ. ಮೊದಲ ಹೆಸರು ಹೇಳಿದರು. ಅಡ್ಡಹೆಸರು ಕೇಳಿದಾಗ, ಯಾರೂ ಕೇಳಿರಲಿಲ್ಲ ಅಂದರು.

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಅವರಿಗೂ ಇದು ಹೊಸದು. ಮುಂದಿನ ವರ್ಷ ಮತ್ತೆ ಕರೆದಾಗ ಅಜ್ಜಿ ಇರಲಿಲ್ಲ. ಎಡಗಡೆ ಸ್ಟಫಿಂಗ್, ಬಲಗಡೆ ಡ್ರೆಸ್ಸಿಂಗ್, ಹಾಗೇ ಇದ್ದವು. ತಗಡಿನ ಪೆಟ್ಟಿಗೆ ಒಲೆಯ ಪಕ್ಕದಲ್ಲಿ ತೆರೆದಿತ್ತು. ಚೀಟಿಯ ಮೇಲಿನ ‘ಅಮ್ಮನ’ ಎಂಬ ಮಾತಿನ ಕೆಳಗೆ, ಹೊಸ ಶಾಯಿಯಲ್ಲಿ, ಆ ಮೊದಲ ಹೆಸರು ಬರೆದಿತ್ತು; ಅದರ ಮುಂದೆ ಒಂದಿಷ್ಟು ಜಾಗ ಖಾಲಿ.